ಹಳದಿ ಚೀಲಗಳನ್ನು ಸರಿಸಿದವರು

ಹೋದ ತಿಂಗಳು ನಮ್ಮ ಯಾದಗಿರಿಯ ಮನೆಗೆ ಹೊಸ ಫ್ರಿಜ್ ಬಂತು. ತಂದವರು ಅದನ್ನು ನಡುಮನೆಯಲ್ಲಿ ಇಳಿಸಿ, ರಟ್ಟಿನ ಪೆಟ್ಟಿಗೆ ಹರಿದು, ಥರ್ಮಾಕೋಲಿನ ತುಂಡುಗಳನ್ನು ಕಿರ್ ಎಂದು ಎಳೆದು ಹಾಕಿದ ಕೂಡಲೇ ಒಂದು ವಾಸನೆ ಎದ್ದಿತು. ನಿಮಗೂ ಗೊತ್ತಿರುವ ವಾಸನೆಯೇ. ಹೊಸ ಪ್ಲಾಸ್ಟಿಕ್ಕು, ರಟ್ಟು, ಸ್ವಲ್ಪ ಅಂಟು, ಯಾವುದೋ ದೂರದ ಊರಿನ ಗೋದಾಮಿನ ತಂಪು. ಬೇರೆಯವರಿಗೆ ಆ ವಾಸನೆಯಿಂದ ಖುಷಿಯಾಗುತ್ತದೆ. ನನಗೆ ಮಾತ್ರ ಶಹಾಪುರದ ಒಂದು ಹೆಣ್ಣುಮಕ್ಕಳ ಶಾಲೆಯ ಮೂಲೆಯ ಖೋಲಿ ನೆನಪಾಗಿ ಎರಡೂ ಕಿವಿ ಬಿಸಿಯಾಗುತ್ತವೆ.

"ಯಾಕ, ಮಾರಿ ಹಂಗ್ಯಾಕ ಆಗ್ಯಾದ? ಬಣ್ಣ ಪಸಂದ ಬರಲಿಲ್ಲೇನು?" ಎಂದರು ನಮ್ಮವರು.

"ಬಣ್ಣ ಚಲೋನ ಅದರಿ," ಎಂದೆ. ಫ್ರಿಜ್ಜಿನ ಬಣ್ಣ ಚೆನ್ನಾಗಿಯೇ ಇತ್ತು, ಕೆಟ್ಟಿದ್ದು ನನ್ನದು. ಆ ಖೋಲಿಯ ಕಥೆಯನ್ನು ಆ ದಿನದ ತನಕ ಅವರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ, ನೀವೇನು ನಾಳೆ ನನ್ನ ಅಡಿಗೆಮನೆಗೆ ಬಂದು ಅದನ್ನೇ ಹಿಡಿದು ಆಡಿಸುವವರಲ್ಲವಲ್ಲ.

ನಮ್ಮವರು ಕಾಲುವೆ ಇಲಾಖೆಯ ಇಂಜಿನಿಯರು. ಆಗ ನಾವು ಶಹಾಪುರದ ಹೊರಗಿನ ಸರಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಕಾಲುವೆಗೆ ನೀರು ಬಿಟ್ಟ ದಿನ ಅವರು ಮನೆಗೆ ಬರುತ್ತಿರಲಿಲ್ಲ. ನೀರು ನಿಲ್ಲಿಸಿದ ದಿನ ರೈತರು ಮನೆಗೆ ಬರುತ್ತಿದ್ದರು. ಹೀಗಾಗಿ ಎರಡೂ ಕಾಲದಲ್ಲಿ ನನಗೆ ಮಾತಾಡಲು ಗಂಡ ಸಿಗುತ್ತಿರಲಿಲ್ಲ. ಸುತ್ತ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿ, ಸಂಜೆಯಾದರೆ ಸೊಳ್ಳೆಗಳು, ಕಪ್ಪೆಗಳು, ಮತ್ತು ಕಿಟಕಿಯಾಚೆ ಹಾಯಾಗಿ ಮಲಗಿದ ಬುದ್ಧನಂತೆ ಕಾಣುವ ಆ ಬೆಟ್ಟ. ಅವನಿಗೆ ಸೊಳ್ಳೆ ಕಚ್ಚುವುದಿಲ್ಲವಲ್ಲ ಎಂದು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಮಧ್ಯಾಹ್ನಗಳನ್ನು ಕಳೆಯುವುದಕ್ಕೆಂದು ಊರಿನ ಒಂದು ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಆರು ವಾರದ ಕಂಪ್ಯೂಟರ್ ತರಬೇತಿಗೆ ಸೇರಿದೆ. ಆರು ವಾರದಲ್ಲಿ ಎರಡು ವಾರ ಕರೆಂಟು ಇರಲಿಲ್ಲ.

ಇದು ಹೇಗೋ ಹೆಣ್ಣುಮಕ್ಕಳ ಶಾಲೆಯ ದೊಡ್ಡ ಅಕ್ಕೋರ ಕಿವಿಗೆ ಬಿತ್ತು. ಹೆಡ್‌ಮಿಸ್ಟ್ರೆಸ್ ಎನ್ನುವ ಉದ್ದನೆಯ ಮಾತು ಯಾರ ಬಾಯಲ್ಲೂ ಹೊರಳುತ್ತಿರಲಿಲ್ಲವಾದ್ದರಿಂದ ಅವರು ಊರಿಗೇ ದೊಡ್ಡ ಅಕ್ಕೋರು. ಅವರ ಶಾಲೆಗೆ ಆಗಷ್ಟೇ ಹನ್ನೆರಡು ಸಣ್ಣ ಕಂಪ್ಯೂಟರು, ಅವೆಲ್ಲಕ್ಕೂ ಯಜಮಾನನಂಥ ಒಂದು ದೊಡ್ಡ ಕಂಪ್ಯೂಟರು ಬಂದಿದ್ದವು. ಕಲಿಸಬೇಕಾದ ಗುತ್ತಿಗೆಯ ಮಾಸ್ತರು ಎರಡು ತಿಂಗಳಿಗೇ ಬೇರೆ ನೌಕರಿ ಸಿಕ್ಕಿತೆಂದು ಹೋಗಿಬಿಟ್ಟಿದ್ದರು. ದೊಡ್ಡ ಅಕ್ಕೋರು ಒಂದು ದಿನ ಸೀದಾ ನಮ್ಮ ಮನೆಗೇ ಬಂದು ಕೂತರು.

"ವಾರಕ್ಕ ಎರಡ ದಿನ ಬಂದು ಕಲಸ್ರಿ ಬಾಯಾರ."

"ನನಗ ಅಷ್ಟು ಬರಂಗಿಲ್ರಿ ಅಕ್ಕೋರ."

"ನೀವು ಕಾನ್ವೆಂಟಿನಾಗ ಕಲ್ತೀರಿಲ್ಲೋ?"

"ಹೌದ್ರಿ, ಆದ್ರ ಆಗ ಕಂಪ್ಯೂಟರ್ ಇದ್ದಿದ್ದಿಲ್ಲ."

"ಇಂಗ್ಲಿಷ್ ಇತ್ತಲ್ಲ? ಇದೂ ಇಂಗ್ಲಿಷೇ ಅದ. ಮುಗೀತು, ಸೋಮವಾರದಿಂದ ಬರ್ರಿ."

ಹೀಗೆ ನಾನು ಮಾಸ್ತರಿಣಿಯಾದೆ, ಶಾಲೆಯ ಮಟ್ಟಿಗೆ ನಾನೂ ಒಬ್ಬ ಅಕ್ಕೋರು.

ಕಾನ್ವೆಂಟಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮುಂದಿನ ಅನಾಹುತದ ಬೇರು ಅಲ್ಲಿದೆ. ನಾನು ಓದಿದ್ದು ಕಲಬುರಗಿಯಲ್ಲಿ. ಅಲ್ಲಿನ ಸಿಸ್ಟರುಗಳು ದೇವರಿಗಿಂತ ಮೊದಲು ನಮಗೆ ಕಲಿಸಿದ್ದು ಸಾಲು. ಚಪ್ಪಲಿಯ ಸಾಲು, ಊಟದ ಡಬ್ಬಿಯ ಸಾಲು, ಪ್ರಾರ್ಥನೆಯ ಸಾಲು; ಎಲ್ಲವೂ ಹೆಸರಿನ ಮೊದಲ ಅಕ್ಷರದ ಪ್ರಕಾರ. ಹತ್ತು ವರ್ಷ ನನ್ನ ಹಿಂದೆಯೂ ಮುಂದೆಯೂ ಅವೇ ಎರಡು ಜಡೆಗಳಿದ್ದವು. ಮದುವೆಯಾಗಿ ಸುರಪುರದ ಅತ್ತೆಮನೆಗೆ ಬಂದರೆ ಅಲ್ಲಿಯ ಅಡಿಗೆಮನೆ ನೋಡಿ ನನಗೆ ತಲೆ ತಿರುಗಿತು. ವನಸ್ಪತಿ ಡಬ್ಬಿಯಲ್ಲಿ ಜೋಳದ ಹಿಟ್ಟು, ಬಿಸ್ಕೀಟಿನ ಡಬ್ಬಿಯಲ್ಲಿ ಅರಿಷಿಣ, ಮಕ್ಕಳ ಹಾಲಿನ ಪುಡಿಯ ಡಬ್ಬಿಯಲ್ಲಿ ಶೇಂಗಾ ಹಿಂಡಿ. ಅತ್ತೆ ತಿರುಗಿಯೂ ನೋಡದೆ ಕೈ ಹಿಂದೆ ಚಾಚಿ ಬೇಕಾದ ಡಬ್ಬಿಯನ್ನೇ ಎತ್ತುತ್ತಿದ್ದರು. ನಾನು ಸೊಸೆಯ ಉತ್ಸಾಹದಲ್ಲಿ ಒಂದು ಮಧ್ಯಾಹ್ನ ಎಲ್ಲಕ್ಕೂ ಚೀಟಿ ಅಂಟಿಸಿ, ಅಕ್ಷರದ ಪ್ರಕಾರ ಜೋಡಿಸಿಟ್ಟೆ. ಅಂದು ಸಂಜೆಯ ಸಾರಿಗೆ ಅರಿಷಿಣದ ಜಾಗದಲ್ಲಿ ಮೆಂತ್ಯದ ಪುಡಿ ಬಿತ್ತು. ಅತ್ತೆ ಬೈಯಲಿಲ್ಲ. "ಚೀಟಿ ಓದಿ ಸಾರು ಮಾಡೋಕಿ ನೀ ಒಬ್ಬಾಕೇ ಬಂದಿ ನೋಡವ್ವಾ ಈ ಮನಿಗಿ," ಎಂದಷ್ಟೇ ಹೇಳಿದರು. ಅಲ್ಲಿಗೆ ಪಾಠ ಕಲಿತೆ ಎಂದುಕೊಂಡಿದ್ದೆ. ಕಲಿತಿರಲಿಲ್ಲ.

ಶಾಲೆಯ ಮೂಲೆಯಲ್ಲಿದ್ದ, ಇನ್ನೂ ಹೊಸ ಪ್ಲಾಸ್ಟಿಕ್ಕು ರಟ್ಟುಗಳ ವಾಸನೆ ಹೊಡೆಯುತ್ತಿದ್ದ ಕಂಪ್ಯೂಟರ್ ಖೋಲಿಯ ನಿಜವಾದ ಒಡತಿ ಭೀಮಬಾಯಿ. ಹೆಸರಿಗೆ ಶಾಲೆಯ ಆಯಾ, ದಿನಗೂಲಿಯ ಕೆಲಸ. ವಯಸ್ಸು ನಲವತ್ತರ ಆಚೆ ಈಚೆ. ಗಂಡ ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸದವನು, ಹಾಗಾಗಿ ನಮ್ಮವರ ಪರಿಚಯವೂ ಇತ್ತು. ಆಕೆಗೆ ಓದು ಬರುತ್ತಿರಲಿಲ್ಲ. ಆದರೆ ಆ ಎರಡು ತಿಂಗಳು ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತು, ಆ ಗುತ್ತಿಗೆಯ ಮಾಸ್ತರು ಮಾಡಿದ್ದನ್ನೆಲ್ಲ ನೋಡಿ ನೋಡಿ, ಅವರು ಹೋದ ಮರುದಿನ ತಾನೇ ಹನ್ನೆರಡನ್ನೂ ಎಬ್ಬಿಸಿ ಕೂರಿಸಿದ್ದಳು. ಹೌದು, ಆಕೆ ಕಂಪ್ಯೂಟರುಗಳನ್ನು ಎಬ್ಬಿಸುತ್ತಿದ್ದಳು, ಸಂಜೆ ಮಲಗಿಸುತ್ತಿದ್ದಳು. "ಏಳನೇದು ಮುಂಜಾನೆ ಏಳಾಕ ಭಾಳ ಕಿರಿಕಿರಿ ಮಾಡ್ತದ್ರಿ, ನನ್ನ ಗಂಡ ಇದ್ದಂಗ," ಎನ್ನುತ್ತಿದ್ದಳು.

ಈಗ ಆ ಕಂಪ್ಯೂಟರುಗಳ ಏರ್ಪಾಡು ಸ್ವಲ್ಪ ಹೇಳಬೇಕು. ಹೆದರಬೇಡಿ, ನನಗೆ ತಿಳಿದಷ್ಟೇ ಹೇಳುತ್ತೇನೆ. ಯಾವ ಹುಡುಗಿ ಯಾವ ಕಂಪ್ಯೂಟರಿನ ಮುಂದೆ ಕೂತು ತನ್ನ ಹೆಸರು ಹೊಡೆದರೂ ಪರದೆಯ ಮೇಲೆ ಒಂದೇ ರೀತಿಯ ಮೇಜು ತೆರೆಯುತ್ತಿತ್ತು. ಎಡಗಡೆ ಮೇಲಿಂದ ಕೆಳಕ್ಕೆ ಐದು ಹಳದಿ ಚೀಲಗಳು, ಫೋಲ್ಡರು ಎನ್ನುತ್ತಾರಲ್ಲ ಅವು: ಒಂದರಲ್ಲಿ ಚಿತ್ರ, ಒಂದರಲ್ಲಿ ಪರೀಕ್ಷೆಯ ಅಂಕ, ಒಂದರಲ್ಲಿ ಆಟ, ಒಂದರಲ್ಲಿ ಹಾಜರಿ, ಒಂದರಲ್ಲಿ ಪಾಠ. ಹುಡುಗಿಯರು ಆ ಚೀಲಗಳನ್ನು ಎಳೆದಾಡುತ್ತಿದ್ದರು. ಒಬ್ಬಳು ರಂಗೋಲಿಯ ಹಾಗೆ ಸುತ್ತ ಇಡುವಳು, ಇನ್ನೊಬ್ಬಳು ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ "ಟೀಚರ್, ಕಳದು ಹೋದವು" ಎಂದು ಅಳುವಳು. ಏನೇ ಮಾಡಲಿ, ಮರುದಿನ ಬಂದರೆ ಮತ್ತೆ ಮೊದಲಿನ ಹಾಗೇ ಐದು ಚೀಲ, ಎಡಗಡೆ, ಸಾಲಾಗಿ. ಯಾಕೆಂದರೆ ಆ ಮೇಜಿನ ಅಸಲು ಪ್ರತಿ ದೊಡ್ಡ ಕಂಪ್ಯೂಟರಿನಲ್ಲಿತ್ತು. ಅಲ್ಲಿ ಹೇಗೆ ಜೋಡಿಸಿಟ್ಟರೆ ಇಲ್ಲಿ ಹನ್ನೆರಡಕ್ಕೂ, ಶಾಲೆಯ ಎಲ್ಲ ಹುಡುಗಿಯರಿಗೂ ಹಾಗೇ ಕಾಣುವುದು. ಕೂಡಿಸಲು ಬಂದ ಕಂಪನಿಯ ಹುಡುಗ ಅದನ್ನು ಬದಲಿಸುವ ಬಗೆಯನ್ನು ಒಂದು ಹಾಳೆಯಲ್ಲಿ ಬರೆದು ದೊಡ್ಡ ಅಕ್ಕೋರ ಡ್ರಾಯರಿನಲ್ಲಿಟ್ಟು ಹೋಗಿದ್ದ.

ಐದೂ ಚೀಲ ಒಂದೇ ಬಣ್ಣ, ಒಂದೇ ಆಕಾರ. ಬೇರೆ ಬೇರೆ ಎಂದು ತಿಳಿಯಬೇಕಾದರೆ ಕೆಳಗಿನ ಇಂಗ್ಲಿಷ್ ಹೆಸರು ಓದಬೇಕು. ಓದು ಬಾರದ ಭೀಮಬಾಯಿ ಏನು ಮಾಡುತ್ತಿದ್ದಳು ಗೊತ್ತೇ? ಅಂಗೈಯನ್ನು ಅಡ್ಡಲಾಗಿ ಪರದೆಗೆ ಹಿಡಿಯುತ್ತಿದ್ದಳು, ತೋರುಬೆರಳು ಮೇಲಿನ ಚೀಲದ ಮೇಲೆ. ಬೆರಳುಗಳನ್ನು ಸ್ವಲ್ಪ ಅಗಲಿಸಿದರೆ ಒಂದೊಂದು ಬೆರಳಿಗೆ ಒಂದೊಂದು ಚೀಲ. ಕಿರುಬೆರಳು ಎಲ್ಲಿ ಬಿತ್ತೋ ಅದು ಹಾಜರಿ. ಟಕಟಕ ಎಂದು ಎರಡು ಸಲ ಒತ್ತಿ, ಒಳಗಿನ ಮೊದಲನೆಯದನ್ನು ತೆರೆದು, ಮುಂದಿನ ಕಂಪ್ಯೂಟರಿಗೆ ಹೋಗುತ್ತಿದ್ದಳು. ನಾನು ಮೊದಲನೆಯದರಲ್ಲಿ ಹೆಸರು ಓದಿ ಮುಗಿಸುವಷ್ಟರಲ್ಲಿ ಆಕೆ ಐದನೆಯದರಲ್ಲಿ ಇರುತ್ತಿದ್ದಳು. ಆ ಕೈಯ ಅಳತೆ ನಾನು ಹೋದಾಗಲೆಲ್ಲ ನೋಡಿದ್ದೆ. ನೋಡಿ ಮೆಚ್ಚಿಯೂ ಇದ್ದೆ. ಆದರೆ ಅದರ ಅರ್ಥ ನನ್ನ ತಲೆಗೆ ಹೋಗಿರಲಿಲ್ಲ. ಕೆಲವರು ಕಂಪ್ಯೂಟರಿಗೆ ಕೈಮುಗಿದು ಶುರು ಮಾಡುತ್ತಾರಲ್ಲ, ಹಾಗೆ ಏನೋ ಒಂದು ರೂಢಿ ಎಂದುಕೊಂಡಿದ್ದೆ.

ಆ ವರ್ಷದ ಕೊನೆಗೆ ಆ ಖೋಲಿಗೆ ಒಬ್ಬ ಕಾಯಂ ಸಹಾಯಕಿಯನ್ನು ಇಡಬಹುದು ಎಂದು ಹುಕುಂ ಬಂತು. ಕೆಲಸ ಮಾಡಬಲ್ಲವರೇ ಆಗಿರಬೇಕು, ಯಾದಗಿರಿಯಿಂದ ಶಿಕ್ಷಣ ಇಲಾಖೆಯ ಸಾಹೇಬರು ಬಂದು ಕಣ್ಣಾರೆ ನೋಡುತ್ತಾರೆ. ದೊಡ್ಡ ಅಕ್ಕೋರು ಹಿಂದೆ ಮುಂದೆ ನೋಡದೆ ಭೀಮಬಾಯಿಯ ಹೆಸರು ಬರೆದರು. ಸಾಹೇಬರಿಗೆ ಒಪ್ಪಿಗೆಯಾದರೆ ಆಕೆಯ ನೌಕರಿ ಕಾಯಂ. ಆಗದಿದ್ದರೆ ಬೇರೆ ಯಾರನ್ನೋ ಕಳಿಸುತ್ತಾರೆ. ಇಬ್ಬರನ್ನು ಇಟ್ಟುಕೊಳ್ಳಲು ಶಾಲೆಗೆ ಅನುಮತಿಯಿಲ್ಲ, ಆದ್ದರಿಂದ ಇದ್ದ ದಿನಗೂಲಿಯೂ ಹೋಗುತ್ತದೆ.  ಇದನ್ನು ಕೇಳಿದ ಮರುದಿನದಿಂದ ಭೀಮಬಾಯಿ ಹನ್ನೆರಡೂ ಪರದೆಗಳನ್ನು ದಿನಕ್ಕೆ ಮೂರು ಸಲ ಒರೆಸತೊಡಗಿದಳು.

ನನಗೂ ಏನಾದರೂ ಮಾಡಬೇಕೆನಿಸಿತು. ನೋಡಿ, ಹೀಗೆ ಅನಿಸಿದಾಗಲೇ ನನ್ನನ್ನು ಯಾರಾದರೂ ಕೈಕಾಲು ಕಟ್ಟಿ ಕೂರಿಸಬೇಕು. ಸಾಹೇಬರು ಬರುವ ಹಿಂದಿನ ದಿನ ಮಧ್ಯಾಹ್ನ, ಎಲ್ಲರೂ ಹುಡುಗಿಯರಿಗೆ ಸ್ವಾಗತಗೀತೆ ಕಲಿಸುವ ಗದ್ದಲದಲ್ಲಿದ್ದಾಗ, ನಾನೊಬ್ಬಳೇ ದೊಡ್ಡ ಕಂಪ್ಯೂಟರಿನ ಮುಂದೆ ಕೂತೆ. ಆ ಐದು ಚೀಲಗಳನ್ನು ನೋಡುತ್ತಿದ್ದಂತೆ ಒಳಗಿದ್ದ ಸಿಸ್ಟರುಗಳೆಲ್ಲ ಎದ್ದು ನಿಂತರು. ಸಾಲಿದೆ, ಆದರೆ ಕ್ರಮವೆಲ್ಲಿ? ಶಾಲೆ ಎಂದಮೇಲೆ ಹಾಜರಿ ಮೊದಲು ಬರಬೇಡವೇ? ಚಿತ್ರ ಮೊದಲು, ಆಟ ಮೂರನೆಯದು, ಹಾಜರಿ ನಾಲ್ಕನೆಯದು ಎಂದರೆ ಸಾಹೇಬರು ಏನೆಂದುಕೊಂಡಾರು? ಡ್ರಾಯರಿನಿಂದ ಹಾಳೆ ತೆಗೆದು, ಅದರಲ್ಲಿ ಬರೆದಿದ್ದನ್ನು ತೊದಲುತ್ತ ಓದಿ, ಚೀಲಗಳನ್ನು ಇಂಗ್ಲಿಷ್ ಅಕ್ಷರಗಳ ಪ್ರಕಾರ ನಿಲ್ಲಿಸಿದೆ. ಹಾಜರಿ ಮೇಲಕ್ಕೆ ಬಂತು. ಆಟದ ಚೀಲ ನಾಲ್ಕನೆಯ ಜಾಗಕ್ಕೆ ಇಳಿಯಿತು. ಒಂದು ಗುಂಡಿ ಒತ್ತಿದೆ. ಹನ್ನೆರಡು ಮೇಜುಗಳನ್ನು ಒಂದೇ ಬೆರಳಿನಲ್ಲಿ ಓರಣ ಮಾಡಿದ ಗೃಹಿಣಿ ಈ ಮೂರು ತಾಲೂಕಿನಲ್ಲಿ ನಾನೊಬ್ಬಳೇ ಎಂದು ಬೀಗುತ್ತ ಮನೆಗೆ ಬಂದು ಚುರುಮುರಿಯ ಸುಸಲಾ ಮಾಡಿಕೊಂಡು ತಿಂದೆ.

ಮರುದಿನ ಸಾಹೇಬರು ಹನ್ನೊಂದಕ್ಕೆ ಬಂದರು. ಹಾರ, ಹಣ್ಣು, ಸ್ವಾಗತಗೀತೆ ಎಲ್ಲ ಮುಗಿಯಿತು. ಖೋಲಿಯಲ್ಲಿ ದೊಡ್ಡ ಅಕ್ಕೋರು, ನಾನು, ಹಿಂದಿಯ ಶರಣಪ್ಪ ಮಾಸ್ತರು, ಗೋಡೆಗೆ ಅಂಟಿಕೊಂಡು ಎಂಟನೆಯ ಇಯತ್ತೆಯ ಹುಡುಗಿಯರು. ಶರಣಪ್ಪ ಮಾಸ್ತರು ಸಣಕಲು ಮನುಷ್ಯ, ಮೆತ್ತನೆಯ ದನಿ. ಪ್ರಶ್ನೆಪತ್ರಿಕೆ ಟೈಪು ಮಾಡುತ್ತೇನೆಂದು ದೊಡ್ಡ ಕಂಪ್ಯೂಟರಿನ ಮುಂದೆ ಕೂತು ಬಿಡುವಿನಲ್ಲಿ ಇಸ್ಪೀಟಿನ ಆಟ ಆಡುತ್ತಿದ್ದರು. ಇದು ಹುಡುಗಿಯರಿಗೆಲ್ಲ ಗೊತ್ತು, ಅವರಿಗೆ ಗೊತ್ತಿದೆ ಎನ್ನುವುದು ಮಾಸ್ತರಿಗೆ ಮಾತ್ರ ಗೊತ್ತಿರಲಿಲ್ಲ.

ಭೀಮಬಾಯಿ ನೀಲಿ ಇಳಕಲ್ ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದು ಬಂದಳು. ಹನ್ನೆರಡನ್ನೂ ಎಬ್ಬಿಸಿದಳು. ಏಳನೆಯದು ಕೂಡ ಅಂದು ಮರ್ಯಾದೆಯಿಂದ ಎದ್ದಿತು.

"ಹಾಜರಿ ತೆಗಿಯಮ್ಮಾ," ಎಂದರು ಸಾಹೇಬರು.

ಅಂಗೈ ಪರದೆಯ ಮೇಲೆ ಹೋಯಿತು. ಕಿರುಬೆರಳು ನಾಲ್ಕನೆಯ ಚೀಲದ ಮೇಲೆ ಇಳಿಯಿತು. ಆಗ, ಆ ಕ್ಷಣಕ್ಕೆ ಸರಿಯಾಗಿ, ಆ ಕೈಯ ಅರ್ಥ ನನಗೆ ಹೊಳೆಯಿತು. 

ಟಕಟಕ. ಟಕಟಕ. ಪರದೆಯ ಮೇಲೆ ಹಸಿರು ಹಾಸು ಹರಡಿ, ಇಸ್ಪೀಟಿನ ಎಲೆಗಳು ತಮ್ಮಷ್ಟಕ್ಕೆ ತಾವೇ ಹಂಚಿಕೊಂಡು ಕೂತವು.

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಇದೇನಮ್ಮಾ?"

"ಇಸ್ಪೀಟ್ರಿ ಸಾಹೇಬ್ರ."

"ಅದು ನನಗೂ ಕಾಣ್ತದ. ಹಾಜರಿ ಎಲ್ಯದ?"

"ನಿನ್ನಿ ತನಕ ಇಲ್ಲೇ ಇತ್ರಿ."

ಭೀಮಬಾಯಿ ಎರಡನೆಯ ಕಂಪ್ಯೂಟರಿಗೆ ಹೋದಳು. ಅಂಗೈ, ಕಿರುಬೆರಳು, ಟಕಟಕ. ಇಸ್ಪೀಟು. ಮೂರನೆಯದು. ಇಸ್ಪೀಟು. ಹುಡುಗಿಯರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾಲ್ಕನೆಯದರಲ್ಲೂ ರಾಜರಾಣಿಯರು ಸಾಲಾಗಿ ಕೂತಾಗ ಇಡೀ ಸಾಲು ಬಾಯಿಗೆ ದುಪ್ಪಟ್ಟ ತುರುಕಿಕೊಂಡಿತು. ದೊಡ್ಡ ಅಕ್ಕೋರ ಮುಖ ಬಿಳಿಚಿತು. ಸಾಹೇಬರು, "ಏನ್ರಿ ದೊಡ್ಡ ಅಕ್ಕೋರ, ಇದು ಸಾಲಿಯೇನು ಕ್ಲಬ್ಬೇನು?" ಎಂದು ಕೈಯಲ್ಲಿದ್ದ ಪೆನ್ನಿನ ಟೋಪಿ ಮುಚ್ಚಿದರು. ಆ ಟೋಪಿ ಮುಚ್ಚಿದ ಸಣ್ಣ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ನಾನು ಆಗ ಬಾಯಿ ತೆರೆಯಬೇಕಿತ್ತು. 'ಸಾಹೇಬರೇ, ಅದು ನನ್ನ ಕೆಲಸ' ಎಂದರೆ ಮುಗಿಯುತ್ತಿತ್ತು. ಇಂಜಿನಿಯರ ಹೆಂಡತಿಯನ್ನು ಯಾರೂ ಬೈಯುತ್ತಿರಲಿಲ್ಲ, ಚಹಾ ಕೊಟ್ಟು ಕಳಿಸುತ್ತಿದ್ದರು. ಆದರೆ ಕಾನ್ವೆಂಟಿನಲ್ಲಿ ನಮಗೆ ಸಾಲಿನಲ್ಲಿ ಸುಮ್ಮನೆ ನಿಲ್ಲುವುದನ್ನು ಅಷ್ಟು ಚೆನ್ನಾಗಿ ಕಲಿಸಿದ್ದರು. ನಾನು ಸುಮ್ಮನೆ ನಿಂತೆ, ಕಿಟಕಿಯ ಸರಳು ಎಣಿಸುತ್ತ.

ಭೀಮಬಾಯಿ ಐದನೆಯ ಕಂಪ್ಯೂಟರಿಗೆ ಹೋಗಲಿಲ್ಲ. ಖೋಲಿಯ ನಡುವೆ ನಿಂತು ಹನ್ನೆರಡನ್ನೂ ಒಮ್ಮೆ ನೋಡಿದಳು, ಆಮೇಲೆ ತಿರುಗಿ ದೊಡ್ಡ ಕಂಪ್ಯೂಟರನ್ನು ನೋಡಿದಳು.

"ಸಾಹೇಬ್ರ, ಒಂದು ಮಾತ ಹೇಳ್ಲೇನ್ರಿ?"

"ಹೇಳು."

"ಒಂದ ಹೊಲದಾಗ ನೀರು ಬರಲಿಲ್ಲಂದ್ರ ಆ ಹೊಲದ ಬಾಯಿ ನೋಡಬೇಕ್ರಿ. ಎಲ್ಲಾ ಹೊಲದಾಗೂ ಬರಲಿಲ್ಲಂದ್ರ ಹೊಲ ನೋಡ್ಕೋತ ತಿರಗಬಾರದು, ಗೇಟ ನೋಡಬೇಕು. ನನ್ನ ಗಂಡ ಅದ ಕೆಲಸ ಮಾಡ್ತಾನ್ರಿ. ಇಲ್ಲಿ ನಾಕೂ ಮಶೀನದಾಗ ಚೀಲ ಒಂದ ನಮೂನಿ ಸರದಾವ. ಹುಡುಗ್ಯಾರು ಸರಿಸಿದ್ರ ಒಂದೊಂದ್ರಾಗ ಒಂದೊಂದು ನಮೂನಿ ಸರೀತಿದ್ವು. ಯಾರೋ ದೊಡ್ಡ ಮಶೀನದಾಗ ಕೈ ಆಡಸ್ಯಾರ್ರಿ. ಚೀಲ ಎಲ್ಲೂ ಹೋಗಿಲ್ಲ, ಜಾಗಾ ಬಿಟ್ಟು ಕೂತಾವ. ತಡೀರಿ."

ಐದನೆಯದರ ಮುಂದೆ ಕೂತು ಮೇಲಿನ ಚೀಲದಿಂದ ಶುರುಮಾಡಿದಳು. ಮೊದಲನೆಯದನ್ನು ತೆರೆದ ಕೂಡಲೇ ಉದ್ದನೆಯ ಪಟ್ಟಿ, ಬಲಗಡೆ ಗುರುತುಗಳು. "ಇಕಾ, ಇಲ್ಲಿ ಬಂದು ಕೂತದ ಗೌಡಕಿ ಮಾಡ್ಕೋತ!" ಎಂದಳು. ಆಮೇಲೆ ಅಂಗೈ ಹಿಡಿಯಲೇ ಇಲ್ಲ. ತೋರುಬೆರಳು ಒಂದೇ ಸಾಕಾಯಿತು. ಆರು, ಏಳು, ಎಂಟು, ಹನ್ನೆರಡರ ತನಕ ಹೋಗಿ, ತಿರುಗಿ ಬಂದು ಮೊದಲ ನಾಲ್ಕರ ಇಸ್ಪೀಟು ಮುಚ್ಚಿ ಹಾಜರಿ ತೆರೆದು, ಸೆರಗಿನಿಂದ ಮುಖ ಒರೆಸಿಕೊಂಡಳು.

ಸಾಹೇಬರು ಪೆನ್ನಿನ ಟೋಪಿ ತೆಗೆದರು. "ನಮ್ಮ ಆಫೀಸಿನ ಮಶೀನ್ ಕೆಟ್ಟಾಗ ಕಲಿತವರು ಬಂದು ಮೂರು ದಿನ ಹೊಲಾ ನೋಡ್ಕೋತ ತಿರಗತಾರ," ಎಂದು ನಗುತ್ತ ಸಹಿ ಹಾಕಿದರು. ಹಾಕಿದ ಮೇಲೆ ತಲೆಯೆತ್ತಿ ಕೇಳಿದರು: "ಖರೇ ಹೇಳ್ರಿ, ಗೇಟಿಗಿ ಕೈ ಹಚ್ಚಿದವರು ಯಾರು?"

 ಹುಡುಗಿಯರ ಸಾಲಿನ ಎಲ್ಲ ಕಣ್ಣುಗಳೂ, ದೊಡ್ಡ ಕಂಪ್ಯೂಟರು ಮತ್ತು ಇಸ್ಪೀಟು ಎಂಬ ಎರಡನ್ನೂ ಕೂಡಿಸಿ, ಶರಣಪ್ಪ ಮಾಸ್ತರ ಕಡೆ ಹೊರಳಿದವು. ಪಾಪ, ಅವರ ಮುಖ ಕುಂಕುಮದ ಹಾಗಾಯಿತು. "ನಾ ಅಲ್ರಿ... ನಾ ಬರೇ ಪ್ರಶ್ನೆಪತ್ರಿಕೆ..." ಎಂದು ತೊದಲಿದರು. ಆಡಿದ ಇಸ್ಪೀಟಿನ ಪಾಪಕ್ಕೆ ಬಂದ ಕೆಂಪು ಅದು. ನೋಡಿದವರಿಗೆ ಚೀಲ ಸರಿಸಿದ ಪಾಪದ್ದಾಗಿ ಕಂಡಿತು. ಭೀಮಬಾಯಿ ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ನಾನು ಆಗಲೂ ಸರಳು ಎಣಿಸುತ್ತಿದ್ದೆ. ಒಂಬತ್ತು ಇದ್ದವು.

ಮರುದಿನ ಆಕೆಯೇ ನನ್ನನ್ನು ದೊಡ್ಡ ಕಂಪ್ಯೂಟರಿನ ಮುಂದೆ ಕೂರಿಸಿದಳು. "ನಾ ಹೇಳ್ತೀನಿ, ನೀವು ಇಡ್ರಿ. ಹಾಜರಿ ನಾಕನೇದು. ಅದರ ಮ್ಯಾಲ ಆಟ. ಪರೀಕ್ಷಾ ಅದರ ಮ್ಯಾಲ, ಯಾಕಂದ್ರ ವರ್ಷಕ್ಕ ಎರಡ ಸಲ ಬೇಕು, ನಟ್ಟ ನಡುವ ಕೂತ್ರ ದಿನಾ ಅಡ್ಡ ಬರ್ತದ. ಹಾಂ, ಬರೋಬ್ಬರಿ." ಎಲ್ಲಕ್ಕೂ ಕಾರಣವಿತ್ತು. ನಾನು ಕ್ರಮವೇ ಇಲ್ಲವೆಂದು ತಿಳಿದಿದ್ದಲ್ಲಿ ಆಕೆ ಒಂದು ವರ್ಷ ಸಂಸಾರ ಮಾಡಿದ್ದಳು. ಕೊನೆಗೆ ಗುಂಡಿ ಒತ್ತುವಾಗ, "ನೀವು ಒತ್ತಿದ್ರ ನಂಬಿಗಿ ಅಕ್ಕೋರ. ಆ ಮಾಸ್ತರ ಕೈ ಮಾತ್ರ ಇದಕ್ಕ ತಾಕಬಾರದು ನೋಡ್ರಿ," ಎಂದಳು. ನಂಬಿಗೆ ಎಂಬ ಮಾತು ಕೇಳಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡೆ. ಮುಂದಿನ ವಾರಗಳು ಬಂದು ಹೋದವು, ನಮ್ಮವರಿಗೆ ಯಾದಗಿರಿಗೆ ವರ್ಗವಾಯಿತು, ಭೀಮಾ ನದಿಯ ಸೇತುವೆ ದಾಟಿ ಸಾಮಾನಿನ ಲಾರಿ ಬಂತು. ಹೀಗೆ ಹನ್ನೊಂದು ವರ್ಷ.

ಫ್ರಿಜ್ಜು ಬಂದ ದಿನವೇ ಇದನ್ನೆಲ್ಲ ನಮ್ಮವರಿಗೆ ಹೇಳಿದೆ. ಅವರು ಥರ್ಮಾಕೋಲ್ ಆರಿಸುತ್ತ ಪೂರ್ತಿ ಕೇಳಿ, "ಗೇಟಿನ ಮಾತು ಭಾರಿ ಹೇಳ್ಯಾಳ. ನಮ್ಮ ಇಲಾಖೆಗಿ ಬೇಕಿತ್ತು ಆಕಿ," ಎಂದರು.

"ಅದಲ್ರಿ, ನಾ ಮಾಡಿದ್ದು ತಪ್ಪಲ್ಲೇನು?"

"ತಪ್ಪೇ. ಶಹಾಪುರಕ್ಕ ಬಸ್ಸು ತಾಸಿಗೊಂದು ಅದಾವ."

ಮುಂದಿನ ವಾರ ಹೋದೆ. ಶಾಲೆಗೆ ಹೊಸ ಬಣ್ಣ, ದೊಡ್ಡ ಅಕ್ಕೋರು ನಿವೃತ್ತರಾಗಿದ್ದಾರೆ. ಭೀಮಬಾಯಿಯ ತಲೆ ಅರ್ಧ ಬೆಳ್ಳಗಾಗಿದೆ, ಕಣ್ಣಿಗೆ ಕನ್ನಡಕ ಬಂದಿದೆ. ಕಾಯಂ ಸಹಾಯಕಿಯಾದರೂ ಮಾಸ್ತರುಗಳ ಹನ್ನೊಂದು ಗಂಟೆಯ ಚಹಾ ಈಗಲೂ ಆಕೆಯ ಕೈಯಲ್ಲೇ. ಬೇರೆಯವರು ಮಾಡಿದರೆ ಯಾರಿಗೂ ಸೇರುವುದಿಲ್ಲವಂತೆ. ಒಲೆಯ ಹತ್ತಿರದ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿದಳು. ಪಾತ್ರೆಯಲ್ಲಿ ಚಹಾ ಕುದಿಯುತ್ತಿತ್ತು. ನಾನು ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿಬಿಟ್ಟೆ.

ಭೀಮಬಾಯಿ ಸೋಸುತ್ತಿದ್ದ ಕೈ ನಿಲ್ಲಿಸಿದಳು.

"ನೀವೇನ್ರಿ?"

"ನಾನ."

"ಆ ಮಾಸ್ತರ ಅಲ್ಲೇನ್ರಿ?"

"ಅವರಿಗಿ ಏನೂ ಗೊತ್ತೇ ಇಲ್ಲ."

ಬೈಯುತ್ತಾಳೆ ಎಂದು ತಲೆ ತಗ್ಗಿಸಿ ಕೂತೆ. ಆಕೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. "ಅಯ್ಯ ಅಕ್ಕೋರ! ಎಂಥಾ ಕೆಲಸ ಮಾಡಿಸಿದ್ರಿ ನನ್ನ ಕೈಲಿ! ಹನ್ನೊಂದು ವರ್ಷ ಆ ಮನಿಶಾಗ ತಣ್ಣನ್ನ ಚಾ ಕೊಟ್ಟೀನಲ್ರಿ!"

ನನಗೆ ಅರ್ಥವಾಗಲಿಲ್ಲ.

"ಎಲ್ಲಾರಿಗೂ ಸುಡುಸುಡು ಕೊಡ್ತಿದ್ದೆ. ಅವರ ಕಪ್ಪು ತುಂಬಿಸಿ ಕಿಟಕ್ಯಾಗ ಇಟ್ಟು, ಗಾಳಿಗಿ ಕೆನಿ ಕಟ್ಟಿದ ಮ್ಯಾಲ ಒಯ್ದು ಕೊಡ್ತಿದ್ದೆ. ನನ್ನ ಅನ್ನಕ್ಕ ಕೈ ಹಾಕಿದವಗ ಬಿಸಿ ಚಾ ಯಾಕ ಕೊಡಬೇಕು ಅಂತ. ಒಂದ ದಿನಾನೂ ತಪ್ಪಿಸಿಲ್ರಿ! ಜ್ವರ ಬಂದಾಗ ನನ್ನ ಮಗಳನ್ನ ಕಳಸಿದ್ದೆ, ಆಕಿಗೂ ಹೇಳಿ ಕಳಸಿದ್ದೆ!"

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು, ಎರಡೂ ಒಟ್ಟಿಗೆ ಬಂದು ಕೆಮ್ಮಾಯಿತು. ನಾನು ಅರ್ಧ ನಿಮಿಷ ಸುಮ್ಮನಿದ್ದುದಕ್ಕೆ ಒಬ್ಬ ಬಡಪಾಯಿ ಹಿಂದಿ ಮಾಸ್ತರು ಹನ್ನೊಂದು ವರ್ಷ ತಣ್ಣನೆಯ ಚಹಾ ಕುಡಿದಿದ್ದರು.

"ಏಳ್ರಿ," ಎಂದಳು ಭೀಮಬಾಯಿ. "ಅಳೂದು ಆಮ್ಯಾಲ. ಇವತ್ತಿನ ಕಪ್ಪು ನೀವ ಒಯ್ಯಬೇಕು. ಹೊಗಿ ಆಡೂ ಹಂಗ ಒಯ್ಯಬೇಕು. ಮತ್ತ ಖರೇ ಮಾತು ಹೇಳಬೇಕು."

ಶರಣಪ್ಪ ಮಾಸ್ತರು ಸ್ಟಾಫ್ ಖೋಲಿಯಲ್ಲಿ ಒಬ್ಬರೇ ಕೂತು ಹಾಳೆ ತಿದ್ದುತ್ತಿದ್ದರು. ಇನ್ನೂ ಸಣಕಲಾಗಿದ್ದಾರೆ. ನನ್ನನ್ನು ಗುರುತು ಹಿಡಿದು ಎದ್ದು ನಿಂತರು. ಕೈಯಲ್ಲಿ ಹೊಗೆಯಾಡುವ ಕಪ್ಪು ಹಿಡಿದೇ ಹೇಳಿದೆ: "ಮಾಸ್ತರ್ರ, ಆವತ್ತು ಯಾದಗಿರಿಯಿಂದ ಸಾಹೇಬರು ಬಂದಾಗ ಆ ಚೀಲ ಸರಿಸಿದಾಕಿ ನಾನು. ಹೆಸರು ನಿಮ್ಮ ಮ್ಯಾಲ ಬಂತು. ತಪ್ಪಾತು."

ಅವರು ಬಹಳ ಹೊತ್ತು ನೆನಪು ಮಾಡಿಕೊಂಡರು. "ಯಾವ ಚೀಲ್ರಿ?" ಎಂದರು ಕೊನೆಗೆ.

ಅವರಿಗೆ ನೆನಪೇ ಇರಲಿಲ್ಲ! ನಾನು ವಿವರಿಸಿದೆ. ಅವರು ತಲೆಯಾಡಿಸಿ, "ಓ, ಅದಾ? ಇರಲಿ ಬಿಡ್ರಿ. ನಾ ಆವತ್ತು ಹೆದರಿದ್ದು ಬ್ಯಾರೇದಕ್ಕ," ಎಂದು ನಾಚುತ್ತ ಕಪ್ಪು ತೆಗೆದುಕೊಂಡು, ರೂಢಿಯ ಪ್ರಕಾರ ದೊಡ್ಡದೊಂದು ಗುಟುಕು ಕುಡಿದರು.

ಕುಡಿದವರೇ ಹಾ ಎಂದು ಬಾಯಿ ತೆರೆದು ನಿಂತರು. ಚಹಾ ಹಾಳೆಗಳ ಮೇಲೆ ಚೆಲ್ಲಿತು. "ಸುಡಾಕತ್ತದಲ್ರಿ!" ಎಂದರು ಕಣ್ಣಲ್ಲಿ ನೀರು ತಂದುಕೊಂಡು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಭೀಮಬಾಯಿಯನ್ನು ನೋಡಿ, ದೂರು ಹೇಳುವ ಮಗುವಿನ ದನಿ ತೆಗೆದು ನನಗೆ ಹೇಳಿದರು: "ನಿಮಗ ಗೊತ್ತಿಲ್ರಿ ಬಾಯಾರ. ನನಗ ಗಡಬಡಿ ಭಾಳ. ಗಂಟಿ ಆಗೂದ್ರಾಗ ಕುಡಿದು ಓಡಬೇಕು, ಮೊದಲೆಲ್ಲ ದಿನಾ ಬಾಯಿ ಸುಡ್ತಿತ್ತು. ಇಷ್ಟೂ ಮಂದ್ಯಾಗ ಅದನ್ನ ನೋಡಿದಾಕಿ ಭೀಮಬಾಯಿ ಒಬ್ಬಾಕೇ. ಎಷ್ಟೋ ವರ್ಷಾತು, ನನ್ನ ಕಪ್ಪು ಒಂದೇ ಬ್ಯಾರೆ ಇಟ್ಟು, ಆರಿಸಿ, ನೆನಪಿಟ್ಟು ತಂದು ಕೊಡ್ತಾಳ. ನನ್ನ ಹೆಂಡತಿ ಸುದ್ದಾ ಅಷ್ಟು ಮಾಡಂಗಿಲ್ರಿ."

ನಾನು ಭೀಮಬಾಯಿಯ ಮುಖ ನೋಡಿದೆ. ಭೀಮಬಾಯಿ ನನ್ನ ಮುಖ ನೋಡಿದಳು. ನನ್ನ ಬಾಯಿ ತೆರೆಯುವುದರಲ್ಲಿತ್ತು. ನಿಜ ಹೇಳುವುದು ಅಂದು ಹೊಸದಾಗಿ ರೂಢಿಯಾಗಿತ್ತಲ್ಲ. ಆಕೆ ಕಣ್ಣಲ್ಲೇ ತಡೆದಳು. ಮೆಲ್ಲಗೆ ಮುಂದೆ ಬಂದು ಮಾಸ್ತರ ಕೈಯಿಂದ ಕಪ್ಪು ತೆಗೆದುಕೊಂಡಳು.

"ಹೊರಗಿನ ಮಂದಿ ತಂದ್ರ ಹಿಂಗ ಆಗ್ತದ್ರಿ ಮಾಸ್ತರ್ರ. ಕೂಡ್ರಿ," ಎಂದಳು.

ಒಲೆಯ ಖೋಲಿಗೆ ಹೋಗಿ ಒಂದು ಲೋಟ ತಂದಳು. ಕಿಟಕಿಯ ಪಕ್ಕ ನಿಂತು, ಕಪ್ಪಿನಿಂದ ಲೋಟಕ್ಕೆ, ಲೋಟದಿಂದ ಕಪ್ಪಿಗೆ, ಮೊಳದೆತ್ತರದಿಂದ ಒಂದು ಹನಿಯೂ ಚೆಲ್ಲದಂತೆ ಸುರಿಯತೊಡಗಿದಳು. ನಡುವೆ ಕಿರುಬೆರಳು ಅದ್ದಿ ನೋಡಿ, ಇನ್ನೂ ಆಗಿಲ್ಲವೆಂದು ತಲೆಯಾಡಿಸಿ, ಮತ್ತೆ ಸುರಿದಳು. ಮಾಸ್ತರು ಒದ್ದೆಯಾದ ಹಾಳೆಗಳನ್ನು ಅಂಗಿಯ ತುದಿಯಿಂದ ಒತ್ತುತ್ತ ನೆಮ್ಮದಿಯಾಗಿ ಕಾಯುತ್ತಿದ್ದರು. ಗಂಟೆ ಹೊಡೆಯಿತು, ಆಕೆ ಅವಸರ ಮಾಡಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಚಹಾ ಅವರು ತಿಳಿದುಕೊಂಡಿದ್ದ ಕಾರಣಕ್ಕೇ ಆರುತ್ತಿತ್ತು.